ನಮ್ಮ ಕಾಕಾ ಜಪಾನಿ ತೋಟಕ್ಕೆ ಹೋದದ್ದು

ನಮ್ಮ ಮನೆಯಲ್ಲಿ ಯಾರು ಯಾವಾಗ ಜಳಕ ಮಾಡಬೇಕು, ಎಷ್ಟು ತಂಬಿಗೆ ನೀರು ಸುರುವಿಕೊಳ್ಳಬೇಕು ಎಂಬುದನ್ನು ಬದನೆಗಿಡಗಳು ತೀರ್ಮಾನಿಸುತ್ತಿದ್ದವು ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೆ ನಿಮ್ಮ ತಪ್ಪೇನೂ ಇಲ್ಲ. ನೀವು ನಮ್ಮ ಕಾಕಾನನ್ನು ಕಂಡವರಲ್ಲ. ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಅವರಿಗೆ ಲಗ್ನವಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಅವ್ವನನ್ನು ಕೇಳಿದರೆ, "ಹೆಣ್ಣು ನೋಡಾಕ ಹೋದಾವ ಅವರ ಮನಿ ಹಿತ್ತಲಾ ನೋಡಿ ಬಂದ. ಹುಡುಗಿ ಹೆಂಗದಾಳೋ ಅಂದ್ರ, ಸೌತಿಬಳ್ಳಿ ಅಗದಿ ಚಲೋ ಐತಿ ಅಂದ. ಇಂಥಾವಗ ಯಾರು ಹೆಣ್ಣು ಕೊಡತಾರ?" ಎನ್ನುತ್ತಿದ್ದಳು.

ಇದು ಎಂಬತ್ತರ ದಶಕದ ಮಾತು. ನಮ್ಮೂರು ಕುಂದಗೋಳ ತಾಲೂಕಿನ ಯರಗುಪ್ಪಿ. ಶಿವರಾತ್ರಿ ದಾಟುವ ಹೊತ್ತಿಗೆ ಜೋಳ, ಕಡಲೆ, ಕುಸುಬೆ ಎಲ್ಲ ಮನೆ ಸೇರಿ ಎರೆಹೊಲಗಳು ಬರಿದಾಗುತ್ತವೆ; ನೆಲ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿದು ಬಾಯಿ ಬಿಡುತ್ತದೆ. ವಸಂತ ಬಂದ ಸುದ್ದಿಯನ್ನು ನಾವು ಪಂಚಾಂಗ ನೋಡಿ ತಿಳಿದುಕೊಳ್ಳಬೇಕು, ಇಲ್ಲವೇ ನಮ್ಮ ಮನೆಯ ಹಿತ್ತಲ ಬಾಗಿಲು ತೆರೆಯಬೇಕು. ತೆರೆದರೆ ಅಲ್ಲಿ ಮುಳ್ಳುಗಾಯಿ ಬದನೆ, ಹಸಿಮೆಣಸಿನಕಾಯಿ, ಚಪ್ಪರದ ತುಂಬ ಹೀರೆ, ಮೂಲಂಗಿ, ಉಳ್ಳಾಗಡ್ಡಿ, ನೆಲಕ್ಕೆ ಹಸಿರು ಕಂಬಳಿ ಹಾಸಿದಂತೆ ಮೆಂತ್ಯೆ, ರಾಜಗಿರಿ, ಹಸಿಯಾಗಿಯೇ ತಿನ್ನುವ ಹಕ್ಕರಕಿ ಸೊಪ್ಪು. ಇವೆಲ್ಲದರ ನಡುವೆ ತಲೆಗೆ ರುಮಾಲು ಸುತ್ತಿ, ಧೋತರ ಮೇಲಕ್ಕೆ ಕಟ್ಟಿ, ಸಲಿಕೆ ಹಿಡಿದು ನಿಂತ ನಮ್ಮ ಕಾಕಾ.

ಬಾವಿಯ ನೀರು ಸವಳು, ಗಿಡಕ್ಕೆ ಆಗುವುದಿಲ್ಲ. ಸಿಹಿನೀರು ಕೆರೆಯಿಂದಲೇ ಬರಬೇಕು. ತಂದ ನೀರು ಮೊದಲು ಮನುಷ್ಯರ ಮೈಮೇಲೆ ಹಾಯ್ದು, ಬಚ್ಚಲಿನ ಮೋರಿಯಿಂದ ಕಾಕಾನ ಕಾಲುವೆಗೆ ಇಳಿದು, ಅಲ್ಲಿಂದ ಒಂದೊಂದೇ ಮಡಿಗೆ ಹೋಗುತ್ತಿತ್ತು. ಹೀಗಾಗಿ ಕಾಕಾನ ದೃಷ್ಟಿಯಲ್ಲಿ ನಾವೆಲ್ಲ ಮನೆಯ ಮಂದಿ ಅಲ್ಲ, ಒಂದೊಂದು ಮಡಿಯ ನೀರು. ಮುಂಜಾನೆ ಎದ್ದ ಕೂಡಲೆ ಸರದಿ ಹೇಳುತ್ತಿದ್ದರು: "ತಂಗೀ, ನೀ ಇವತ್ತ ಬದನಿಕಾಯಿ. ನಿಮ್ಮಪ್ಪ ಮೆಣಸಿನಕಾಯಿ. ವೈನಿ ನಿನ್ನೆ ಹೀರಿಗಿ ಆಗ್ಯಾರ, ಇವತ್ತ ಮಾಡದಿದ್ರೂ ನಡೀತೈತಿ." ತಂಗಿ ಅಂದರೆ ನಾನು, ವೈನಿ ಅಂದರೆ ಅವರ ಅತ್ತಿಗೆ, ನಮ್ಮ ಅವ್ವ. ಸಾಬೂನಿಗೆ ನಮ್ಮ ಮನೆಯಲ್ಲಿ ಪ್ರವೇಶವೇ ಇರಲಿಲ್ಲ. ಮೆಂತ್ಯೆಗೆ ಸಾಬೂನು ಆಗುವುದಿಲ್ಲವಂತೆ! ನಮ್ಮ ಚರ್ಮಕ್ಕೆ ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ಯಾರೂ ಕೇಳಲಿಲ್ಲ. ಕಡಲೆ ಹಿಟ್ಟು ಹಚ್ಚಿಕೊಂಡು ತಿಕ್ಕಿಕೊಳ್ಳುತ್ತಿದ್ದೆವು.

ಅಕ್ಕನ ಲಗ್ನವಾದ ಮೊದಲ ಯುಗಾದಿಗೆ ಅಳಿಯಂದಿರು ಬಂದರು. ಹೊಸಬರು, ನಗರದವರು. ಕಾಕಾ ಅವರ ಚೀಲದಿಂದ ಸಾಬೂನನ್ನು ಹೇಗೋ ಮಾಯ ಮಾಡಿದ್ದರು. ಅಳಿಯಂದಿರು ನಾಲ್ಕು ತಂಬಿಗೆ ಸುರುವಿಕೊಂಡು ಮೈ ಒರೆಸಿಕೊಳ್ಳುವಷ್ಟರಲ್ಲಿ ಗೋಡೆಯಾಚೆಯಿಂದ ಧ್ವನಿ ಬಂತು: "ಅಳಿಯಂದ್ರ, ಇನ್ನೊಂದು ಆರು ತಂಬಿಗಿ ಹಾಕ್ಕೊಂಡು ಬಿಡ್ರೆಲ್ಲ. ಮಡಿ ಅರ್ಧಕ್ಕ ನಿಂತೈತಿ." ಅವರು ಹಾಕಿಕೊಂಡರು. ಸಂಜೆ ಮತ್ತೆ ಕರೆ ಬಂತು: "ಸೆಕಿ ಭಾಳ ಐತ್ರಿ, ಮತ್ತೊಮ್ಮೆ ಮೈ ತೊಳಕೊಂಡ್ರ ಹಗರ ಆಕ್ಕೈತಿ." ಮೂರು ದಿನ ಇದ್ದು ಹೋಗುವಾಗ ಅವರು ಅಕ್ಕನಿಗೆ ಹೇಳಿದರಂತೆ, "ನಿಮ್ಮೂರಾಗ ನೀರಿನ ತ್ರಾಸ ಐತಿ ಅಂತಿದ್ರು. ನಾ ಹುಟ್ಟಿದಾಗಿಂದ ಇಷ್ಟು ಜಳಕಾ ಮಾಡಿದ್ದಿಲ್ಲ." ಆ ವರ್ಷ ಮೂಲಂಗಿ ಚೆನ್ನಾಗಿ ಬಂದಿತ್ತು.

ಊಟದ ಸುಖದ ಮಾತು ಹೇಳದಿದ್ದರೆ ಕಾಕಾನಿಗೆ ಅನ್ಯಾಯವಾದೀತು. ಹಂಚಿನ ಮೇಲೆ ರೊಟ್ಟಿ ಉಬ್ಬಿದ ಮೇಲೆಯೇ ಅವರು ತಪ್ಪಲು, ಎಂದರೆ ಸೊಪ್ಪು, ಹರಿಯಲು ಹೊರಡುತ್ತಿದ್ದರು. ಮೊದಲೇ ಹರಿದರೆ ಅದರ ಮಾರಿ ಬಾಡುತ್ತದೆ ಎಂಬುದು ಅವರ ವಾದ. ಬಿಸಿ ರೊಟ್ಟಿ, ಝುಣಕ, ಬಾಜೂಕ್ಕೆ ನೀರು ಜಾಡಿಸಿದ ಎಳೆ ಮೆಂತ್ಯೆ, ಒಂದು ಹಿಡಿ ಹಕ್ಕರಕಿ, ಆಗತಾನೆ ಕಿತ್ತ ಉಳ್ಳಾಗಡ್ಡಿ. ಆ ಉಳ್ಳಾಗಡ್ಡಿಯನ್ನು ಗುದ್ದಿ ಒಡೆದು ಬಾಯಿಗೆ ಹಾಕಿಕೊಂಡರೆ ಕಣ್ಣಲ್ಲಿ ನೀರು, ಮನಸ್ಸಿನಲ್ಲಿ ಸಂತೋಷ. ಯಾವ ಅರಮನೆಯಲ್ಲಿ ಈ ಊಟ ಸಿಕ್ಕೀತು, ನೀವೇ ಹೇಳಿ.

ಓಣಿಯವರಿಗೆಲ್ಲ ಕಾಕಾ ಕಾಯಿಪಲ್ಯ ಹಂಚುತ್ತಿದ್ದರು. ಆದರೆ ಸುಮ್ಮನೆ ಅಲ್ಲ, ಪರೀಕ್ಷೆ ಮಾಡಿ. "ಏನು ಮಾಡ್ತೀ ಇದನ್ನ?" ಎಂದು ಕೇಳುತ್ತಿದ್ದರು. ಒಮ್ಮೆ ಎದುರು ಮನೆಯ ಹೊಸ ಸೊಸೆ ಎಳೆಯ ಹೀರೆಕಾಯಿ ಕೈಗೆ ತೆಗೆದುಕೊಂಡು, "ಸಾರಿಗಿ ಹಾಕ್ತೀನ್ರಿ" ಎಂದಳು. ಕಾಕಾ ಕಾಯಿಯನ್ನು ಅವಳ ಕೈಯಿಂದ ಮೆಲ್ಲಗೆ ವಾಪಸು ತೆಗೆದುಕೊಂಡರು. "ಇನ್ನೊಂದು ನಾಕು ದಿನ ಬಿಟ್ಟು ಬಾರವಾ, ಬಲತದ್ದು ಕೊಡ್ತೀನಿ. ಇದು ಪಲ್ಯಾದ ಕೂಸು." ಆ ಸೊಸೆ ಮುಂದೆ ಇಪ್ಪತ್ತು ವರ್ಷ ಯಾರು ಏನು ಕೊಟ್ಟರೂ "ಪಲ್ಯಾ ಮಾಡ್ತೀನ್ರಿ" ಎಂದೇ ಹೇಳುತ್ತಿದ್ದಳು.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ನಿಜವಾದ ತೊಂದರೆ ಇದ್ದದ್ದು ಅವರ ಕಿಸೆಯಲ್ಲಿ. ಅಂಗಿಯ ಎಲ್ಲ ಕಿಸೆಗಳಲ್ಲೂ ಬೀಜ. ಎಲ್ಲಾದರೂ ಮೆದುವಾದ ಮಣ್ಣು ಕಂಡಿತೆಂದರೆ ಅವರ ಕೈ ತಾನಾಗಿ ಕಿಸೆಗೆ ಹೋಗುತ್ತಿತ್ತು. ಬಸ್ಸು ನಿಲ್ಲುವ ಕಟ್ಟೆಯ ಸುತ್ತ ಕೊತ್ತಂಬರಿ ಎದ್ದಿತು. ಸಾಲೆಯ ಧ್ವಜದ ಕಂಬದ ಬುಡದಲ್ಲಿ ರಾಜಗಿರಿ ಎಷ್ಟು ಎತ್ತರ ಬೆಳೆಯಿತೆಂದರೆ ಸ್ವಾತಂತ್ರ್ಯ ದಿನದಂದು ಗಿಡ್ಡ ಹೆಡ್ಮಾಸ್ತರರ ಸೆಲ್ಯೂಟು ಮಾತ್ರ ಕಂಡಿತು, ಹೆಡ್ಮಾಸ್ತರರು ಕಾಣಲಿಲ್ಲ. ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡುವುದು ಪದ್ಧತಿ. ದೂರದ ಅಜ್ಜನೊಬ್ಬರು ತೀರಿಕೊಂಡಾಗ, ಎಲ್ಲರೂ ಹಿಡಿ ಮಣ್ಣು ಹಾಕಿ ಮುಗಿದ ಮೇಲೆ ಅಲ್ಲೊಂದು ಮೆತ್ತನೆಯ ಹಸಿ ಗುಡ್ಡೆ ಆಯಿತಲ್ಲ, ಅಪ್ಪ ಧಡಕ್ಕನೆ ಬಂದು ತಮ್ಮನ ಎರಡೂ ಕೈ ಗಟ್ಟಿಯಾಗಿ ಹಿಡಿದು ನಿಂತುಬಿಟ್ಟರು. "ಅಣ್ಣ ತಮ್ಮರ ಪ್ರೀತಿ ನೋಡ್ರಿ, ದುಃಖದಾಗ ಕೈ ಬಿಡವಲ್ರು" ಎಂದು ಜನ ಕಣ್ಣೊರೆಸಿಕೊಂಡರು.

ಇಂಥ ಕಾಕಾನ ಎದೆಗೆ ಕಲ್ಲು ಬಿದ್ದಂತೆ ಒಂದು ವರ್ಷ ಯುಗಾದಿ ಹತ್ತಿರವಿದ್ದಾಗ ಪತ್ರವೊಂದು ಬಂತು. ಮನೆ ನಮ್ಮದಾದರೂ ಹಿತ್ತಲು ನಮ್ಮದಲ್ಲ. ಅದು ನಮ್ಮ ಅಜ್ಜಿಯ ತವರಿನವರದು. ಅಜ್ಜಿಯ ಅಣ್ಣನ ಮಗ ಧಾರವಾಡದಲ್ಲಿದ್ದರು, ಇಂಜಿನಿಯರ್ ಆಗಿ ನಿವೃತ್ತರಾದವರು. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ. ಹತ್ತಿ ವ್ಯಾಪಾರದವರು ಆ ಜಾಗವನ್ನು ಗೋಡೌನು ಕಟ್ಟಲು ಕೇಳಿದ್ದಾರೆ, ಯುಗಾದಿಯೊಳಗೆ ಕಾಯಿಪಲ್ಯ ಬಿಡಿಸಿಕೊಂಡು ತೆರವು ಮಾಡಬೇಕು ಎಂದು ಮಾಮಾ ಬರೆದಿದ್ದರು. ಕಾಕಾ ಎರಡು ದಿನ ಯಾರಿಗೂ ಜಳಕದ ಸರದಿ ಹೇಳಲಿಲ್ಲ. ನಮಗೆ ಅಳು ಬರುವಂತಾಯಿತು. ಮೂರನೆಯ ದಿನ, "ನಾನ ಹೋಗಿ ಕೇಳಿ ಬರ್ತೀನಿ" ಎಂದರು.

ಅಪ್ಪನಿಗೆ ಗಾಬರಿ. ನನ್ನನ್ನು ಜೊತೆಗೆ ಕಳಿಸಿದರು. "ಹಿತ್ತಲಾ ಉಳಿಯೂದು ಬಿಡೂದು ನಿನ್ನ ಕೈಯಾಗೈತಿ ನೋಡವಾ. ಆವಾ ಏನೂ ಹೆಚ್ಚು ಮಾತಾಡದಂಗ ನೋಡ್ಕೊ. ಮಣ್ಣಿಗಿ ಕೈ ಹಚ್ಚಗೊಡಬ್ಯಾಡ." ಅವ್ವ ಕಾಕಾನ ಕಿಸೆಗಳನ್ನೆಲ್ಲ ಒಳಗೆ ಹೊರಗೆ ಮಾಡಿ, ಜಾಡಿಸಿ, ಒಂದು ಬೀಜವೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಬಾಗಿಲು ದಾಟಿಸಿದಳು. ಒಂದು ಚೀಲ ಬದನೆಕಾಯಿ, ಒಂದು ಕಟ್ಟು ಮೆಂತ್ಯೆ ಹಿಡಿದು ಕೆಂಪು ಬಸ್ಸು ಹತ್ತಿದೆವು. ಹುಬ್ಬಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಕಾಕಾ ಕೈಕಟ್ಟಿ ಸಾಲೆಯ ಹುಡುಗನಂತೆ ಕುಳಿತಿದ್ದರು.

ಮಾಮಾ ನೌಕರಿಯಲ್ಲಿದ್ದಾಗ ಆರು ತಿಂಗಳು ಜಪಾನಿಗೆ ತರಬೇತಿಗೆ ಹೋಗಿ ಬಂದಿದ್ದರು. ನಿವೃತ್ತಿಯಾದ ಮೇಲೆ ಮನೆಯ ಕಂಪೌಂಡಿನಲ್ಲಿ ಒಂದು ಜಪಾನಿ ತೋಟ ಮಾಡಿದ್ದರು. ನಮ್ಮನ್ನು ಕಂಡವರೇ ಹಿತ್ತಲಿನ ಮಾತು ಎತ್ತಲು ಬಿಡದೆ, "ಮೊದಲ ತೋಟಾ ನೋಡೂಣು ಬರ್ರಿ" ಎಂದು ಕರೆದುಕೊಂಡು ಹೋದರು. ಸುತ್ತಲೂ ಬಿದಿರು. ನಡುವೆ ಪುಟ್ಟ ಕೊಳ, ಅದರಲ್ಲಿ ಕೆಂಪು ಮೀನು. ಕೊಳದ ಮೇಲೆ ಬಾಗಿದ ಕೆಂಪು ಸೇತುವೆ. ಅದನ್ನು ದಾಟಿದರೆ ಎಲ್ಲಿಗೂ ಹೋಗುವುದಿಲ್ಲ, ಮತ್ತೆ ಈಚೆಗೇ ಬರಬೇಕು. ಅಲ್ಲಲ್ಲಿ ಹಾವಸೆ ಕಟ್ಟಿದ ಕಲ್ಲು. ಧಾರವಾಡದ ಬಿಸಿಲು ಆ ಬಿದಿರಿನೊಳಗೆ ಬಂದು ತಣ್ಣಗಾಗಿತ್ತು.

"ಇಲ್ಲಿ ಮಾತಾಡಬಾರದು. ಸುಮ್ನ ಕುಂತು ನೋಡಬೇಕು" ಎಂದರು ಮಾಮಾ.

"ಏನು ನೋಡಬೇಕ್ರಿ?" ಎಂದರು ಕಾಕಾ.

"ಏನೂ ಇಲ್ಲದ್ದನ್ನ ನೋಡಬೇಕು. ಮನಸ್ಸು ಖಾಲಿ ಆಕ್ಕೈತಿ."

"ಅದಕ್ಕ ನಮ್ಮ ಎರಿಹೊಲಾ ಸಾಲದಾಗಿತ್ತೇನ್ರಿ?"

ನಾನು ಕಾಕಾನ ಕೈ ಚಿವುಟಿದೆ. ಮುಂದೆ ಒಂದು ತಟ್ಟೆಯಂಥ ಕುಂಡದಲ್ಲಿ ಗೇಣುದ್ದದ ಆಲದ ಗಿಡ. ಇಪ್ಪತ್ತು ವರ್ಷದ್ದು ಎಂದು ಮಾಮಾ ಹೆಮ್ಮೆಯಿಂದ ಹೇಳಿದರು. ಕಾಕಾನ ಮುಖ ಕಂದಿತು. "ಇಪ್ಪತ್ತು ವರ್ಷಕ್ಕ ಇಷ್ಟ ಬೆಳದೈತೇನ್ರಿ? ಮೊದಲ ಹೇಳಬಾರದಾಗಿತ್ತ? ಒಂದು ಬುಟ್ಟಿ ತಿಪ್ಪಿಗೊಬ್ಬರ ತರ್ತಿದ್ದೆ" ಎಂದರು. ಒಳಗಿನ ಕಿಟಕಿಯಲ್ಲಿ ಯಾರೋ ಕಿಸಕ್ಕನೆ ನಕ್ಕಂತಾಯಿತು. ಮಾಮಾ ನಗಲಿಲ್ಲ.

ಆದರೆ ಸುಳ್ಳು ಯಾಕೆ ಹೇಳಲಿ, ಕೊಳದ ದಂಡೆಯಲ್ಲಿ ಕುಳಿತ ಮೇಲೆ ನಮ್ಮಿಬ್ಬರಿಗೂ ಆ ಜಾಗ ಹಿಡಿಸಿತು. ಬಿದಿರೆಲೆಯ ಸಪ್ಪಳ ಬಿಟ್ಟರೆ ಬೇರೆ ಸದ್ದಿಲ್ಲ. ಮೀನು ಒಮ್ಮೆ ಮೇಲೆ ಬಂದು ಬಾಯಿ ತೆರೆದು ಕೆಳಗೆ ಹೋಗುತ್ತಿತ್ತು. ಕಾಕಾ ಕಾಲು ಗಂಟೆ ತುಟಿ ಬಿಚ್ಚಲಿಲ್ಲ. ಅವರ ಜೀವಮಾನದ ದಾಖಲೆ ಅದು. ಕೊನೆಗೆ, "ಕಲ್ಲು ಇಟ್ಟಾವ ಶಾಣ್ಯಾ ಅದಾನ್ರಿ. ಮಳಿನ ತಂದು ಇಟ್ಟಂಗ ಅದಾವ" ಎಂದರು. ಮಾಮಾನ ಮುಖ ಅರಳಿತು. ಕೆಲಸ ಆಗುವ ಹಾಗಿದೆ ಎಂದು ನನಗೆ ಧೈರ್ಯ ಬಂತು.

ಕೊಳದ ಆಚೆ ಬಿಳಿ ಉಸುಕಿನ ಒಂದು ಅಂಗಳ. ಮಾಲಿ ದಿನಾ ಮುಂಜಾನೆ ನೀರು ಚಿಮುಕಿಸಿ, ಹಲ್ಲಿರುವ ಮರದ ಹಲುಬೆಯಿಂದ ಅದರ ಮೇಲೆ ಉದ್ದಕ್ಕೆ ಗೀರು ಎಳೆಯುತ್ತಾನೆ ಎಂದರು ಮಾಮಾ. ಅದರ ಅರ್ಥ ಹೇಳಬೇಕೆನ್ನುವಷ್ಟರಲ್ಲಿ ಒಳಗೆ ಫೋನು ಬಡಿಯಿತು, ಅವರು ಹೋದರು. ಅತ್ತ ಕಿಟಕಿಯಿಂದ ಅತ್ತಿ, ಎಂದರೆ ಮಾಮಾನ ಹೆಂಡತಿ, ನನ್ನನ್ನು ಚಹಾಕ್ಕೆ ಕರೆದರು. ಕಾಕಾ ಒಬ್ಬರೇ ಉಳಿದರು. ಹೋಗಬಾರದಿತ್ತು ನಾನು!

ಅತ್ತಿ ಅಣ್ಣಿಗೇರಿಯ ಕಡೆಯ ಒಕ್ಕಲು ಮನೆಯ ಮಗಳು. ಎರಡು ವರ್ಷದಿಂದ ಅವರಿಗೆ ಆರಾಮಿರಲಿಲ್ಲ. ಬ್ಯಾನೆ ಏನೂ ಇಲ್ಲ ಎಂದು ಡಾಕ್ಟರು ಹೇಳಿದರೂ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ನಾವು ತಂದ ಚೀಲ ಬಿಚ್ಚಿ ಒಂದು ಬದನೆಕಾಯಿ ಎತ್ತಿ ಮೂಗಿಗೆ ಹಿಡಿದರು, ಮೆಂತ್ಯೆಯ ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡರು. "ನಿಮ್ಮ ಮಾಮಾನ ತೋಟದಾಗ ಒಂದು ಕರಿಬೇವು ಹಚ್ಚತೀನಿ ಅಂದ್ರೂ ಬ್ಯಾಡ ಅಂದ್ರವಾ. ಜಪಾನದಾಗ ಇಲ್ಲಂತ" ಎಂದರು. ನಾನು ಎದುರು ಮನೆಯ ಸೊಸೆಯ ಹೀರೆಕಾಯಿಯ ಕಥೆ ಹೇಳಿದರೆ ನಕ್ಕರು. ಉಸುಕಿನ ಅರ್ಥವನ್ನೂ ಅವರೇ ಹೇಳಿದರು.

ಮಾಮಾ ಫೋನು ಮುಗಿಸಿ ಬಂದು, ಹಿತ್ತಲಿನ ಮಾತಿಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. "ಯುಗಾದಿ ಆದ ಮ್ಯಾಲ ನಾನ ಬಂದು ಜಾಗಾ ನೋಡ್ತೀನಿ. ಅವತ್ತ ಏನಂತ ಹೇಳ್ತೀನಿ" ಎಂದರು. ಅಷ್ಟಾದರೂ ಸಿಕ್ಕಿತಲ್ಲ ಎಂದು ಬಸ್ಸು ಹತ್ತಿದೆವು. ಯುಗಾದಿಗೆ ಇನ್ನೂ ಹನ್ನೆರಡು ದಿನ ಇತ್ತು. ನವಲೂರು ದಾಟಿದ ಮೇಲೆ ಕಾಕಾ ನನ್ನ ಕಡೆ ತಿರುಗಿದರು.

"ಪಾಪ, ನಿಮ್ಮ ಅತ್ತಿಯವರಿಗಿ ಆರಾಮಿಲ್ಲ. ಮನ್ಯಾಗ ಜಡ್ಡು ಬಂದ್ರ ಹಂಗ ನೋಡ. ನೆಲಾ ಅಷ್ಟು ಚಂದ ಹದಾ ಮಾಡ್ಯಾರ, ಸಾಲು ಹೊಡದಾರ, ನೀರು ಚಿಮುಕಿಸ್ಯಾರ, ಬಿತ್ತೂದು ಮಾತ್ರ ಆಗಿಲ್ಲ. ನಾ ಬಿತ್ತಿ ಬಂದೆ."

ನಮ್ಮ ಕಡೆ ಹಾಗೊಂದು ರೂಢಿಯಿದೆ. ಒಬ್ಬನ ಹೊಲ ಹದಕ್ಕೆ ಬಂದು ಅವನು ಜಡ್ಡಿನಿಂದ ಮಲಗಿದ್ದರೆ, ಬಾಜೂ ಹೊಲದವ ತನ್ನ ಕೂರಿಗೆಯನ್ನು ಅದರಲ್ಲೂ ಹಾಯಿಸಿ ಬಿತ್ತಿ ಬರುತ್ತಾನೆ. ಕೇಳುವುದೂ ಇಲ್ಲ, ಬಿತ್ತಿದೆ ಎಂದು ಹೇಳಿಕೊಳ್ಳುವುದೂ ಇಲ್ಲ. ಅದೇ ಧರ್ಮವನ್ನು ಕಾಕಾ ಧಾರವಾಡದಲ್ಲಿ ಪಾಲಿಸಿ ಬಂದಿದ್ದರು.

"ಬೀಜ ಎಲ್ಲಿದ್ದೂ, ಕಾಕಾ? ಅವ್ವ ಕಿಸೆ ಎಲ್ಲಾ ಜಾಡಿಸಿದ್ಲಲ್ಲ?"

"ರುಮಾಲಿನ್ಯಾಗ."

"ಕಾಕಾ, ಅದು ಹೊಲಾ ಅಲ್ಲ. ಅದು ಸಮುದ್ರ."

"ಯಾವುದು?"

"ಆ ಉಸುಕು. ಗೀರು ಅಂದ್ರ ತೆರಿ ಅಂತ. ಕಲ್ಲು ಅಂದ್ರ ನಡುಗಡ್ಡಿ. ಅದನ್ನ ಹಂಗ ಖಾಲಿ ಇಡಬೇಕಂತ. ಅತ್ತಿ ಹೇಳಿದ್ರು."

ಕಾಕಾ ರುಮಾಲು ಬಿಚ್ಚಿ, ಜಾಡಿಸಿ, ಮತ್ತೆ ತಲೆಗೆ ಸುತ್ತಿಕೊಂಡರು. ಹುಬ್ಬಳ್ಳಿ ಹತ್ತಿರ ಬಂದಾಗ ತಿರುಗಿ, "ಹಂಗಾರ ನಾ ಸಮುದ್ರದಾಗ ಮೆಂತ್ಯೆ ಬಿತ್ತಿ ಬಂದ್ನೇನು?" ಎಂದು ಕೇಳಿದರು.

ಮೆಂತ್ಯೆ ಎಂಥ ಚಾಡಿಕೋರ ಬೀಜವೆಂದರೆ ಮೂರನೆಯ ದಿನಕ್ಕೆ ತಲೆ ಎತ್ತಿ ಎಲ್ಲರಿಗೂ ಸುದ್ದಿ ಹೇಳುತ್ತದೆ. ಅಪ್ಪನಿಗೆ ನಾವಿಬ್ಬರೂ ತಿಳಿಸಲಿಲ್ಲ. ಮುಂಜಾನೆ ಹಿತ್ತಲಲ್ಲಿ ನಾನು ಕಂಡರೆ ಸಾಕು, ಕಾಕಾ ಸಣ್ಣ ದನಿಯಲ್ಲಿ, "ಇವತ್ತ ಎದ್ದಿರತೈತಿ" ಎನ್ನುವರು, ಮರುದಿನ, "ಎರಡೆಲಿ ಆಗಿರತೈತಿ." ಹೋಗಿ ಕಿತ್ತು ಬರಲೇ ಎಂದು ಒಮ್ಮೆ ಕೇಳಿದರು. ಕಿತ್ತರೆ ಗೀರು ಕೆಡುತ್ತದೆ ಎಂದೆ. ಹೀರೆಬೀಜ ಹಾಕಲು ಒಂದು ಮಡಿ ಹದ ಮಾಡಿ ಇಟ್ಟಿದ್ದರು, ಅದನ್ನು ಬಿತ್ತಲಿಲ್ಲ. ಕಾಕಾ ಹದ ಮಾಡಿದ ನೆಲ ಖಾಲಿ ಉಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಬಹಳ ಸಂಕಟವಾಯಿತು.

ಯುಗಾದಿ ಕಳೆದು ನಾಲ್ಕನೆಯ ದಿನ ನಮ್ಮ ಮನೆಯ ಮುಂದೆ ಕಾರು ನಿಂತಿತು. ಮಾಮಾ ಇಳಿದರು. ಅವರ ಹಿಂದೆ, ಸೆರಗು ಸರಿಮಾಡಿಕೊಳ್ಳುತ್ತ, ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ ಹಿಡಿದು ಅತ್ತಿಯೂ ಇಳಿದರು. ಅಪ್ಪ ಜಮಖಾನೆ ಹಾಸಿದರು. ಮಾಮಾ ಕುಳಿತುಕೊಳ್ಳಲಿಲ್ಲ.

"ಆ ಮೆಂತ್ಯೆ ಬಿತ್ತಿದಾವ ನೀ ಏನು?" ಎಂದು ಕಾಕಾನನ್ನು ಕೇಳಿದರು.

ಅಪ್ಪ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಹೌದ್ರಿ" ಎಂದರು ಕಾಕಾ. "ತಪ್ಪಾತ್ರಿ. ಸಮುದ್ರ ಅಂತ ನನಗ ಗೊತ್ತಾಗಲಿಲ್ಲ. ನೀವು ಏನೂ ಹೇಳೂದು ಬ್ಯಾಡ, ಹಿತ್ತಲಾ ನಾಳಿಗೇ ಬಿಡ್ತೀನಿ."

ಮಾಮಾ ಆಗ ಕುಳಿತರು. "ಮಾಲಿ ಬಂದು, ಸಾಹೇಬ್ರ, ಹುಲ್ಲು ಎದ್ದೈತಿ, ಕಿತ್ತಿ ಒಗೀತೀನಿ ಅಂದ. ಒಗಿ ಅಂದೆ. ಅಷ್ಟರಾಗ ಈಕಿ ಎದ್ದು ಬಂದ್ಲು. ಎರಡು ವರ್ಷ ಆಗಿತ್ತು, ಈಕಿ ಆ ಮೆಟ್ಟಲಾ ಇಳದು. ಬರಿಗಾಲಲೆ ಹೋಗಿ ಉಸುಕಿನ್ಯಾಗ ಕುಂತು, ಇದು ಹುಲ್ಲಲ್ಲೋ, ಮೆಂತ್ಯೆ, ಕೈ ಹಚ್ಚಬ್ಯಾಡ ಅಂದ್ಲು. ತಾನ ನೀರು ಹಾಕಿದ್ಲು. ನಾ ಬಂದಾವ್ರಿಗೆಲ್ಲಾ ಆ ತೋಟಾ ತೋರಿಸಿ ತೋರಿಸಿ ಕುಂಡ್ರಸ್ತಿದ್ದೆ. ಈಕಿ ಮಾತ್ರ ಒಂದು ದಿನಾನೂ ನನ್ನ ಬಾಜೂಕ ಬಂದು ಕುಂತಿರಲಿಲ್ಲ. ಈಗ ಮುಂಜಾನೆ ಎದ್ದು ಇಬ್ರೂ ಅಲ್ಲೇ ಕುಂಡ್ರತೀವಿ" ಎಂದರು. ಕನ್ನಡಕ ತೆಗೆದು ಒರೆಸಿಕೊಂಡರು.

ಅತ್ತಿ ಡಬ್ಬಿ ತೆರೆದು ಕಾಕಾನ ಮುಂದೆ ಇಟ್ಟರು. "ಎಳೀದು ಇತ್ತು. ಪಲ್ಯಾನ ಮಾಡೀನ್ರಿ, ಸಾರಿಗಿ ಹಾಕಿಲ್ಲ."

"ಗೋಡೌನಿನ ಮಾತು ಬಿಟ್ಟೀನಿ" ಎಂದರು ಮಾಮಾ. "ನೀ ಇರೂತನಕಾ ಹಿತ್ತಲಾ ನಿಂದು. ಕೇಳಾವರು ಯಾರೂ ಇಲ್ಲ. ಕಾಗದಾ ಬೇಕಂದ್ರ ಕಾಗದಾ ಮಾಡಿ ಕೊಡ್ತೀನಿ."

ಕಾಕಾ ಎದ್ದು ಹಿತ್ತಲಿಗೆ ಹೋದರು. ಬಂದವರಿಗೆ ಬದನೆಕಾಯಿ ತರಲು ಹೋಗಿರಬೇಕು ಎಂದು ಎಲ್ಲರೂ ನಕ್ಕರು. ಅಪ್ಪ ಸಾಲೆಯ ರಾಜಗಿರಿಯ ಕಥೆ ಶುರುಮಾಡಿದರು, ಅತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವ್ವ ರೊಟ್ಟಿ ಬಡಿಯಲು ಕುಳಿತಳು. ರೊಟ್ಟಿ ಉಬ್ಬಿದರೂ ಕಾಕಾ ಬರಲಿಲ್ಲ. ಕರೆದುಕೊಂಡು ಬಾ ಎಂದು ಅವ್ವ ನನ್ನನ್ನು ಕಳಿಸಿದಳು.

ಅವರು ಬದನೆಗಿಡಗಳ ನಡುವೆ ಕುಕ್ಕರಗಾಲಲ್ಲಿ ಕುಳಿತಿದ್ದರು. ಟಾವೆಲ್ಲಿನಿಂದ ಮುಖ ಮುಚ್ಚಿಕೊಂಡು, ಹೆಗಲು ಅಲುಗಿಸುತ್ತ, ಸಣ್ಣ ಹುಡುಗರ ಹಾಗೆ ಅಳುತ್ತಿದ್ದರು. ಅಲ್ಲಿಯವರೆಗೆ ನಾನು ಅವರನ್ನು ನಗಲಿಕ್ಕಾಗಿಯೇ ಇರುವ ಮನುಷ್ಯ ಎಂದುಕೊಂಡಿದ್ದೆ. ಉಂಡ ಮನೆ ಅಣ್ಣನದು, ಎತ್ತಿ ಆಡಿಸಿದ ಮಕ್ಕಳು ಅಣ್ಣನ ಮಕ್ಕಳು, ಜೀವ ತೇದ ನೆಲ ಇನ್ನೊಬ್ಬರದು. ಅರವತ್ತು ಸಮೀಪಿಸಿದ ಆ ಮನುಷ್ಯನಿಗೆ ಇದು ನಿನ್ನದು ಎಂದು ಯಾರೂ, ಯಾವುದರ ಬಗ್ಗೆಯೂ ಹೇಳಿರಲಿಲ್ಲ. ನಾವು ಯಾರೂ ಅದನ್ನು ಯೋಚಿಸಿಯೇ ಇರಲಿಲ್ಲ. ನನಗೆ ನಾಚಿಕೆಯಾಯಿತು. ಅವರ ಬಾಜೂಕ್ಕೆ ಹೋಗಿ ಕುಳಿತೆ.

ಕಾಕಾ ಮುಖ ಒರೆಸಿಕೊಂಡು ನನ್ನನ್ನು ನೋಡಿದರು. "ತಂಗೀ, ಒಳಗ ಯಾರಿಗೂ ಹೇಳಬ್ಯಾಡ" ಎಂದರು.

"ಹೇಳಂಗಿಲ್ಲ, ಕಾಕಾ" ಎಂದೆ.

ಅವರು ಇರುವವರೆಗೂ ಹೇಳಲಿಲ್ಲ.